ಕೌಂಟಿ ಸೀಟಿಗೆ ನಿಂತಾಗ ಊರಿನ ಕೆಲಸದಲ್ಲಿ ಕೈ ಜೋಡಿಸುವುದು ಹೇಗೆ

ಅಮೆರಿಕದಲ್ಲಿ ಕೌಂಟಿ (ರಾಜ್ಯದೊಳಗಿನ, ನಮ್ಮ ಜಿಲ್ಲೆಯಂಥ ವಿಭಾಗ) ಚುನಾವಣೆಗೆ ನಿಲ್ಲಬೇಕು ಅಂತ ಯೋಚಿಸುವ ನಮ್ಮವರು ಮೊದಲು ಕೇಳುವುದು ದುಡ್ಡಿನ ಬಗ್ಗೆ, ಆಮೇಲೆ ಮನೆ ಮುಂದೆ ನೆಡುವ ಬೋರ್ಡಿನ ಬಗ್ಗೆ. ಎರಡೂ ಬೇಕು, ಸರಿ. ಆದರೆ ಕೌಂಟಿ ಮಟ್ಟದಲ್ಲಿ ಜನರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ. ಇವರು ಇಷ್ಟು ವರ್ಷ ಎಲ್ಲಿದ್ದರು? ಈಗ ಯಾಕೆ ಬಂದರು? ಸೋತರೆ ಮತ್ತೆ ಈ ಕಡೆ ಬರುತ್ತಾರಾ? ಇದಕ್ಕೆ ಭಾಷಣದಲ್ಲಿ ಉತ್ತರ ಕೊಡೋಕಾಗಲ್ಲ, ಕೆಲಸದಲ್ಲೇ ಕೊಡಬೇಕು.

ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು. ಸೇವೆ ಮಾಡುವ ಜಾಗದಲ್ಲಿ ಓಟು ಕೇಳಬೇಡಿ, ಓಟು ಕೇಳುವ ಜಾಗದಲ್ಲಿ ಸಂಕೋಚ ಪಡಬೇಡಿ. ಇವೆರಡನ್ನೂ ಬೆರೆಸಿದರೆ ಕೆಲಸವೂ ಕೆಡುತ್ತದೆ, ಪ್ರಚಾರವೂ ಕೆಡುತ್ತದೆ, ಕೆಲವೊಮ್ಮೆ ಕಾನೂನಿನ ತೊಡಕೂ ಬರುತ್ತದೆ.

ಮೊದಲು ಕೌಂಟಿ ಏನು ಮಾಡುತ್ತದೆ ಅಂತ ತಿಳಿಯಿರಿ

ಈ ದೇಶದಲ್ಲಿ 3,000ಕ್ಕೂ ಹೆಚ್ಚು ಕೌಂಟಿಗಳಿವೆ, ಒಂದು ಇನ್ನೊಂದರ ಹಾಗಿಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ ಒಂದು ಕೋಟಿ ಜನ, ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿ ಬರೀ 64 ಜನ. ಕ್ಯಾಲಿಫೋರ್ನಿಯಾದಲ್ಲಿ ಆಡಳಿತ ಮಂಡಳಿಗೆ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಅಂತಾರೆ. ಟೆಕ್ಸಾಸ್‌ನಲ್ಲಿ ಅದು ಕಮಿಷನರ್ಸ್ ಕೋರ್ಟ್, ಅದರ ಮುಖ್ಯಸ್ಥರು ಕೌಂಟಿ ಜಡ್ಜ್. ನ್ಯೂಜೆರ್ಸಿಯಲ್ಲಿ 2021ರಿಂದ ಮಂಡಳಿಯ ಸದಸ್ಯರಿಗೆ ಫ್ರೀಹೋಲ್ಡರ್ ಅನ್ನುವ ಹಳೇ ಹೆಸರು ಹೋಗಿ ಕಮಿಷನರ್ ಬಂದಿದೆ. ಕನೆಕ್ಟಿಕಟ್‌ನಲ್ಲಂತೂ 1960ರಿಂದ ಕೌಂಟಿ ಸರ್ಕಾರವೇ ಇಲ್ಲ.

ಹಾಗಾಗಿ ನಿಮ್ಮ ಕೌಂಟಿಯ ಬಜೆಟ್ ತೆಗೆದು ಕೂತು ಓದಿ. ಹೆಚ್ಚಿನ ಕಡೆ ಜೈಲು, ಆಸ್ತಿ ತೆರಿಗೆಯ ಲೆಕ್ಕ, ದಾಖಲೆಗಳು, ಸಾರ್ವಜನಿಕ ಆರೋಗ್ಯ, ಕೌಂಟಿ ರಸ್ತೆ, ಚುನಾವಣೆ ನಡೆಸುವುದು, ಇವೆಲ್ಲ ಕೌಂಟಿಯ ಕೆಲಸ. ಶಾಲೆ ಸಾಮಾನ್ಯವಾಗಿ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುವ ಬೇರೆ ಸಂಸ್ಥೆಯದು, ವರ್ಜೀನಿಯಾ ಮೇರಿಲ್ಯಾಂಡ್‌ನಂಥ ಕಡೆ ಮಾತ್ರ ಶಾಲೆಯ ಹಣದ ದೊಡ್ಡ ಪಾಲು ಕೌಂಟಿ ಬಜೆಟ್ಟಿನಿಂದಲೇ ಹೋಗುತ್ತದೆ. ಇದು ಗೊತ್ತಿಲ್ಲದೆ ಮನೆ ಬಾಗಿಲಲ್ಲಿ ನಿಂತು ಶಾಲೆ ಸರಿ ಮಾಡ್ತೀನಿ ಅಂದರೆ, ಗೊತ್ತಿರುವವರು ಅಲ್ಲೇ ನಿಮ್ಮನ್ನು ಬಿಟ್ಟುಬಿಡುತ್ತಾರೆ.

ಮಂಡಳಿಯ ಸಭೆಗಳಿಗೆ ಹೋಗಿ. ಸಾರ್ವಜನಿಕರಿಗೆ ಮಾತಾಡಲು ಎರಡು ಮೂರು ನಿಮಿಷ ಕೊಡುತ್ತಾರೆ, ಆದರೆ ಮೊದಲ ಕೆಲವು ಸಲ ಮಾತಾಡಲೇಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಪ್ರತಿ ಸಲವೂ ಬರುವ ಆ ನಾಲ್ಕೈದು ಜನ ಯಾರು, ಅವರ ದೂರು ಏನು, ಬೋರ್ಡಿನವರು ಯಾವ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುತ್ತಾರೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಊರಿನಲ್ಲಿ ಯಾವ ಕೆಲಸಕ್ಕೆ ಕೈ ಹಾಕಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಒಂದೆರಡು ಕೆಲಸ ಸಾಕು, ಆದರೆ ಬಿಡದೆ ಮಾಡಿ

ಹತ್ತು ಕಡೆ ಹೋಗಿ ಹತ್ತು ಫೋಟೋ ತೆಗೆಸಿಕೊಳ್ಳುವ ಅಭ್ಯರ್ಥಿಗಳನ್ನು ಎಲ್ಲರೂ ನೋಡಿದ್ದಾರೆ. ಅದು ಬೇಡ. ಕಷ್ಟದಲ್ಲಿರುವವರಿಗೆ ಪುಕ್ಕಟೆ ಆಹಾರ ಕೊಡುವ ಫುಡ್ ಪ್ಯಾಂಟ್ರಿ, ಲೈಬ್ರರಿ, ಪಾರ್ಕ್ ಸ್ವಚ್ಛತೆ, ಸ್ವಯಂಸೇವಕ ಅಗ್ನಿಶಾಮಕ ದಳ, ತುರ್ತು ಸಮಯಕ್ಕೆ ತರಬೇತಿ ಕೊಡುವ ಸಿಇಆರ್‌ಟಿ ತಂಡ, ಇವುಗಳಲ್ಲಿ ಒಂದೋ ಎರಡೋ ಆರಿಸಿ, ವಾರದಲ್ಲಿ ಒಂದೇ ದಿನ ಒಂದೇ ಹೊತ್ತಿಗೆ ಹೋಗಿ. ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಂಬಳವಿಲ್ಲದ ಸ್ವಯಂಸೇವಕರು. ಹಳ್ಳಿಯಂಥ ಕೌಂಟಿಗಳಲ್ಲಿ ಆ ಸ್ಟೇಷನ್ ಊರಿನ ಮಾತುಕತೆಯ ಜಾಗವೂ ಹೌದು. ನಿಮಗೆ ಬೆಂಕಿ ಆರಿಸಲು ಬರಬೇಕಿಲ್ಲ. ಅವರ ಲೆಕ್ಕ ಬರೆಯಲು, ಗ್ರಾಂಟಿಗೆ ಅರ್ಜಿ ತುಂಬಲು, ಪ್ಯಾನ್‌ಕೇಕ್ ತಿಂಡಿಯ ದಿನ ಪಾತ್ರೆ ತೊಳೆಯಲು ಯಾವಾಗಲೂ ಜನ ಬೇಕು.

ಪ್ಯಾಂಟ್ರಿಗೆ ಹೋಗುವುದಾದರೆ ಥ್ಯಾಂಕ್ಸ್‌ಗಿವಿಂಗ್ ವಾರ ಬಿಟ್ಟುಬಿಡಿ, ಆಗ ಸ್ವಯಂಸೇವಕರು ಬೇಕಾದಷ್ಟು ಇರುತ್ತಾರೆ. ಜನ ಸಿಗದೆ ಒದ್ದಾಡುವುದು ಜನವರಿ, ಫೆಬ್ರವರಿಯಲ್ಲಿ. ಮತ್ತೆ ಬೇಸಿಗೆಯಲ್ಲಿ, ಶಾಲೆ ಮುಚ್ಚಿ ಮಕ್ಕಳಿಗೆ ಅಲ್ಲಿನ ಊಟ ತಪ್ಪುವ ಹೊತ್ತಿನಲ್ಲಿ. ಹೋದಾಗ ಪ್ರಚಾರದ ಟೀ ಶರ್ಟು, ಬ್ಯಾಡ್ಜು, ಸ್ಟಿಕ್ಕರ್ ಎಲ್ಲ ಕಾರಿನಲ್ಲೇ ಇರಲಿ. ಊಟದ ಡಬ್ಬಿ ತೆಗೆದುಕೊಳ್ಳಲು ಬಂದವರ ಫೋಟೋ ಯಾವ ಕಾರಣಕ್ಕೂ ಬೇಡ, ಅವರು ಹಿನ್ನೆಲೆಯಲ್ಲಿ ಮಸುಕಾಗಿ ಕಂಡರೂ ಬೇಡ. ಯಾರಾದರೂ "ನೀವು ಎಲೆಕ್ಷನ್‌ಗೆ ನಿಂತಿದ್ದೀರಲ್ವಾ?" ಅಂತ ಕೇಳಿದರೆ ಹೌದು ಅನ್ನಿ, ಹೊರಗೆ ಸಿಕ್ಕಾಗ ಮಾತಾಡೋಣ ಅನ್ನಿ, ಡಬ್ಬಿ ತುಂಬುವುದನ್ನು ಮುಂದುವರಿಸಿ. ಇದು ನೋಡಲು ನಷ್ಟದ ಹಾಗೆ ಕಾಣುತ್ತದೆ. ಆದರೆ ಜೊತೆಗೆ ಕೆಲಸ ಮಾಡುವವರು ಇದನ್ನು ಗಮನಿಸುತ್ತಾರೆ, ಮನೆಗೆ ಹೋಗಿ ಹೇಳುತ್ತಾರೆ.

ಕನ್ನಡ ಕೂಟ, ದೇವಸ್ಥಾನ: ಇಲ್ಲಿ ಜಾಸ್ತಿ ಎಚ್ಚರ

ನಮ್ಮವರು ಎಡವುವ ಅಪಾಯ ಇರುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ಇಲ್ಲಿನ ಅನೇಕ ಕನ್ನಡ ಕೂಟಗಳು, ದೇವಸ್ಥಾನಗಳು 501(ಸಿ)(3) ಅನ್ನುವ ತೆರಿಗೆ ವಿನಾಯಿತಿಯಲ್ಲಿ ನಡೆಯುತ್ತವೆ. 1954ರಲ್ಲಿ ಸೆನೆಟರ್ ಲಿಂಡನ್ ಜಾನ್ಸನ್ ತಂದ ತಿದ್ದುಪಡಿಯ ಪ್ರಕಾರ ಇಂಥ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವ ಹಾಗಿಲ್ಲ. ಅದು ಅಧ್ಯಕ್ಷ ಚುನಾವಣೆಗೆ ಮಾತ್ರ ಅಂದುಕೊಳ್ಳಬೇಡಿ, ಕೌಂಟಿ ಸೀಟಿಗೂ ಅದೇ ನಿಯಮ. ಪೂಜೆಯ ಜಾಗಗಳ ವಿಷಯದಲ್ಲಿ ಈ ನಿಯಮ ಎಲ್ಲಿಯವರೆಗೆ ಹೋಗಬಹುದು ಅನ್ನುವ ವಾದ ಕೋರ್ಟಿಗೂ ಹೋಗಿದೆ. ಆದರೂ ನಿಮ್ಮ ಒಂದು ಚುನಾವಣೆಗಾಗಿ ನೂರಾರು ಮನೆಯವರು ಸೇರಿ ಕಟ್ಟಿದ ಸಂಸ್ಥೆಯನ್ನು ತೊಂದರೆಗೆ ಸಿಕ್ಕಿಸಬೇಡಿ.

ಹಾಗಾದರೆ ರಾಜ್ಯೋತ್ಸವಕ್ಕೆ ಹೋಗಬಾರದಾ? ಖಂಡಿತ ಹೋಗಿ. ಯಾವಾಗಲೂ ಹೋಗುವ ಹಾಗೆ ಹೋಗಿ, ಊಟ ಬಡಿಸಿ, ಕುರ್ಚಿ ಜೋಡಿಸಿ. ಹಳೇ ಅಧ್ಯಕ್ಷರು ಅಂತ ವೇದಿಕೆಗೆ ಕರೆದರೆ ಹತ್ತಬಹುದು, ಆದರೆ ಕರೆಯುವವರೂ ನೀವೂ ಸ್ಪರ್ಧೆಯ ಮಾತೆತ್ತಬಾರದು, ಅಲ್ಲಿ ಹಣ ಕೇಳಬಾರದು. ಕೂಟದ ಇಮೇಲ್ ಪಟ್ಟಿ, ಪತ್ರಿಕೆ, ವಾಟ್ಸಾಪ್ ಗುಂಪು ನಿಮ್ಮ ಪ್ರಚಾರಕ್ಕಲ್ಲ. ಹಾಲ್ ಬೇಕಾದರೆ ಬೇರೆಯವರು ಎಷ್ಟು ಬಾಡಿಗೆ ಕೊಡುತ್ತಾರೋ ಅಷ್ಟೇ ಕೊಟ್ಟು ತೆಗೆದುಕೊಳ್ಳಿ, ಬೇರೆ ಅಭ್ಯರ್ಥಿಗೂ ಅದೇ ದರಕ್ಕೆ ಸಿಗುವ ಹಾಗಿರಬೇಕು. ಕೂಟವೇ ಅಭ್ಯರ್ಥಿಗಳ ಚರ್ಚೆ ಇಡಬಹುದು, ಎಲ್ಲರನ್ನೂ ಕರೆದು, ಎಲ್ಲರಿಗೂ ಅಷ್ಟೇ ಸಮಯ ಕೊಟ್ಟು. ನನ್ನ ಪ್ರಕಾರ ನಿಮಗೆ ಅದೇ ಒಳ್ಳೆಯದು. ಎದುರಾಳಿಯ ಪಕ್ಕದಲ್ಲಿ ಕೂತು ರಸ್ತೆ, ತೆರಿಗೆ, ಆಂಬುಲೆನ್ಸ್ ಬಗ್ಗೆ ಉತ್ತರ ಕೊಟ್ಟರೆ, ನಮ್ಮ ಭಾಷೆಯವರು ಅನ್ನುವ ಕಾರಣಕ್ಕಲ್ಲದೆ ಬೇರೆ ಕಾರಣಕ್ಕೂ ಓಟು ಸಿಗುತ್ತದೆ. ನೀವೀಗ ಕೂಟದ ಪದಾಧಿಕಾರಿಯಾಗಿದ್ದರೆ ಚುನಾವಣೆ ಮುಗಿಯುವವರೆಗೆ ಆ ಜಾಗ ಬಿಟ್ಟುಕೊಡಿ.

ಇನ್ನು ದೇಣಿಗೆ. ಎಚ್-1ಬಿ ವೀಸಾದಲ್ಲಿರುವ ಗೆಳೆಯರಿಂದ ಹತ್ತು ಡಾಲರ್ ಕೂಡ ತೆಗೆದುಕೊಳ್ಳಬೇಡಿ. ನಾಗರಿಕರೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದ ವಿದೇಶಿಯರು ಅಮೆರಿಕದ ಯಾವ ಚುನಾವಣೆಗೂ, ಅತಿ ಸಣ್ಣ ಸ್ಥಳೀಯ ಚುನಾವಣೆಗೂ, ಹಣ ಕೊಡುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಅವರ ದುಡ್ಡನ್ನು ಇನ್ನೊಬ್ಬರ ಹೆಸರಲ್ಲಿ ಕೊಡಿಸುವುದು ಇನ್ನೂ ದೊಡ್ಡ ತಪ್ಪು. ಗ್ರೀನ್ ಕಾರ್ಡ್ ಇರುವವರು ಕೊಡಬಹುದು. ವೀಸಾದಲ್ಲಿರುವವರು ಸಂಬಳವಿಲ್ಲದೆ ಕರಪತ್ರ ಮಡಚಬಹುದು, ಬಾಗಿಲು ತಟ್ಟಲು ಜೊತೆಗೆ ಬರಬಹುದು, ಆದರೆ ಪ್ರಚಾರದ ಹಣ ಎಲ್ಲಿ ಖರ್ಚಾಗಬೇಕು ಅನ್ನುವಂಥ ತೀರ್ಮಾನದಲ್ಲಿ ಕೂರಬಾರದು.

ಮತದಾರರ ನೋಂದಣಿಯ ಮೇಜು ಇಡುತ್ತೀರಾ? ಫಾರ್ಮು ಕೈಗೆ ಕೊಡುವ ಮೊದಲು ನಾಗರಿಕರಾ ಅಂತ ಸ್ಪಷ್ಟವಾಗಿ ಕೇಳಿ. ನಾಗರಿಕರಲ್ಲದವರು ಹುಮ್ಮಸ್ಸಿನಲ್ಲಿ ಸಹಿ ಹಾಕಿದರೆ ಮುಂದೆ ಅವರ ಗ್ರೀನ್ ಕಾರ್ಡು, ನಾಗರಿಕತ್ವ ಎರಡಕ್ಕೂ ಕುತ್ತು. ನಿಮ್ಮ ಮೇಜಿನಿಂದ ಯಾರ ಬದುಕಿಗೂ ಅಂಥದ್ದು ಆಗಬಾರದು.

ಮನೆ ಬಾಗಿಲಲ್ಲಿ

ಇಲ್ಲಿ ಓಟು ಕೇಳಿ, ಧೈರ್ಯವಾಗಿ ಕೇಳಿ. ಒಹಾಯೋದ ಸ್ಟ್ರ್ಯಾಟನ್ ಅನ್ನುವ ಹಳ್ಳಿ, ಮನೆ ಮನೆಗೆ ಹೋಗಿ ವಿಚಾರ ಹೇಳುವವರೂ ಮೊದಲು ಪರವಾನಗಿ ಪಡೆಯಬೇಕು ಅಂತ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಹೊಡೆದುಹಾಕಿತು. ಹಾಗಂತ ಬರಬೇಡಿ ಅಂತ ಬೋರ್ಡು ಹಾಕಿದ ಮನೆಗೆ ನುಗ್ಗಬೇಡಿ. ಕರಪತ್ರವನ್ನು ಅಂಚೆ ಪೆಟ್ಟಿಗೆಯೊಳಗೆ ಹಾಕಲೇಬೇಡಿ, ಅಂಚೆ ಚೀಟಿ ಇಲ್ಲದ್ದನ್ನು ಅದರೊಳಗೆ ಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ. ಬಾಗಿಲ ಹಿಡಿಗೆ ಸಿಕ್ಕಿಸಿ ಬನ್ನಿ.

ಬಾಗಿಲು ತೆರೆದವರಲ್ಲಿ ಅನೇಕರು ನಿಮ್ಮ ಪಕ್ಷದ ಬಗ್ಗೆ ಕೇಳುವುದಿಲ್ಲ. ಮನೆ ಮುಂದಿನ ಚರಂಡಿ ತುಂಬಿ ಹರಿಯುತ್ತದೆ, ಅಮ್ಮನ ಆಸ್ತಿ ತೆರಿಗೆ ಏರಿದೆ, ರಸ್ತೆ ತಿರುವಿನಲ್ಲಿ ಮರ ಅಡ್ಡ ಬಂದು ಎದುರಿನ ಗಾಡಿ ಕಾಣುವುದಿಲ್ಲ. ಊರಿನ ಕೆಲಸ ಅಂದರೆ ನನಗೆ ಎಲ್ಲಕ್ಕಿಂತ ಮೊದಲು ಇದೇ. ಬರೆದುಕೊಳ್ಳಿ. ಅದು ಕೌಂಟಿಯದಾ, ಸಿಟಿಯದಾ, ರಾಜ್ಯದ್ದಾ ಅಂತ ಪತ್ತೆ ಮಾಡಿ, ಸರಿಯಾದ ಇಲಾಖೆಯ ನಂಬರ್ ಹುಡುಕಿ, ಅದೇ ವಾರ ಅವರಿಗೆ ಫೋನ್ ಮಾಡಿ. ತೆರಿಗೆಯ ಅಂದಾಜಿಗೆ ಮೇಲ್ಮನವಿ ಹಾಕಲು ಕೊನೇ ದಿನ ಇರುತ್ತದೆ, ವಯಸ್ಸಾದವರಿಗೆ ಹಲವು ರಾಜ್ಯಗಳಲ್ಲಿ ವಿನಾಯಿತಿಯೂ ಇದೆ, ಇದೆಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಬಾಡಿಗೆ, ಊಟ, ಕರೆಂಟ್ ಬಿಲ್ಲಿನ ಕಷ್ಟ ಹೇಳಿಕೊಂಡವರಿಗೆ 211 ಸಹಾಯವಾಣಿ ತಿಳಿಸಿ. ಇದಕ್ಕೆಲ್ಲ ಅಧಿಕಾರ ಬೇಕಿಲ್ಲ, ಒಂದು ನೋಟ್‌ಬುಕ್ಕು ಮತ್ತೆ ಮರಳಿ ಫೋನ್ ಮಾಡುವ ಅಭ್ಯಾಸ ಬೇಕು. ನಿಮ್ಮಿಂದ ಆಗದ್ದಾದರೆ ಆಗಲ್ಲ ಅಂತಲೇ ಹೇಳಲು ಫೋನ್ ಮಾಡಿ.

ಮೆರವಣಿಗೆ, ಜಾತ್ರೆ, ಸಭೆ

ಜುಲೈ 4ರ ಮೆರವಣಿಗೆಗೆ ಮೊದಲೇ ಹೆಸರು ಕೊಡಬೇಕು, ಅಭ್ಯರ್ಥಿಗಳಿಗೆ ಏನು ನಿಯಮ ಅಂತ ಕೇಳಿಕೊಳ್ಳಿ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಬೇರೆ ಥರದ್ದು. ಅದು ಯುದ್ಧದಲ್ಲಿ ಸತ್ತ ಸೈನಿಕರ ನೆನಪಿನ ದಿನ. ಹೋಗಿ, ಹಿಂದೆ ನಿಲ್ಲಿ, ಬ್ಯಾಡ್ಜಿಲ್ಲದೆ ಬನ್ನಿ. ಆಗಸ್ಟ್ ಮೊದಲ ಮಂಗಳವಾರ ನ್ಯಾಷನಲ್ ನೈಟ್ ಔಟ್ ನಡೆಯುತ್ತದೆ, 1984ರಿಂದ ಇದೆ, ಟೆಕ್ಸಾಸ್‌ನ ಬಹಳ ಊರುಗಳಲ್ಲಿ ಬಿಸಿಲಿನ ಕಾರಣಕ್ಕೆ ಅಕ್ಟೋಬರ್‌ನಲ್ಲಿ ಮಾಡುತ್ತಾರೆ. ಪೊಲೀಸರು, ಬೀದಿಯವರು ಎಲ್ಲ ಹೊರಗೆ ಬಂದು ಮಾತಾಡುವ ಸಂಜೆ ಅದು. ಹೊಸಬರಿಗೆ ಇಷ್ಟು ಸುಲಭದ ಜಾಗ ಬೇರೆ ಸಿಗಲ್ಲ.

ಕೌಂಟಿ ಫೇರಿನಲ್ಲಿ ಬೂತ್ ಬಾಡಿಗೆಗೆ ತೆಗೆದುಕೊಳ್ಳಿ, ಆದರೆ ಅದರೊಳಗೇ ಕೂರಬೇಡಿ. 4-ಎಚ್ ಅನ್ನುವ ಮಕ್ಕಳ ಸಂಘಟನೆಯವರು ಸಾಕಿದ ಕರು, ಕುರಿ, ಮೊಲ ನೋಡಲು ಹೋಗಿ, ಹೇಗೆ ಸಾಕಿದೆ ಅಂತ ಆ ಮಕ್ಕಳನ್ನೇ ಕೇಳಿ. ಚರ್ಚಿನ ಫಿಶ್ ಫ್ರೈಗೆ ಕರೆದರೆ ಹೋಗಿ, ಮೀನು ತಿನ್ನದವರಾದರೆ ಹಾಗಂತ ಹೇಳಿ, ಇರುವ ಆಲೂಗಡ್ಡೆ ತಿಂದು ಮಾತಿಗೆ ಕೂರಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹೋಗದೇ ಇದ್ದರೆ ಮಾತ್ರ ಗಮನಿಸುತ್ತಾರೆ. 1920ರಲ್ಲಿ ಶುರುವಾದ ಲೀಗ್ ಆಫ್ ವಿಮೆನ್ ವೋಟರ್ಸ್ ಹಲವು ಕಡೆ ಅಭ್ಯರ್ಥಿಗಳ ಸಭೆ ನಡೆಸುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ನಿಮಗೆ ಬೆಂಬಲ ಕಡಿಮೆ ಇರುವ ಮೂಲೆಯ ಸಭೆಗಳಿಗೆ ಮೊದಲು ಹೋಗಿ.

ಮಕ್ಕಳ ಬೇಸ್‌ಬಾಲ್ ತಂಡಕ್ಕೆ ಚೆಕ್ ಕೊಡುವ ಮೊದಲು ನಿಮ್ಮ ರಾಜ್ಯದ ನಿಯಮ ಓದಿ. ಪ್ರಚಾರದ ಖಾತೆಯಿಂದ ಕೊಟ್ಟರೆ ಲೆಕ್ಕ ತೋರಿಸಬೇಕು. ಫೆಡರಲ್ ಸರ್ಕಾರದಲ್ಲಿ ಕೆಲಸ ಮಾಡುವವರು 1939ರ ಹ್ಯಾಚ್ ಕಾಯ್ದೆಯನ್ನು ಇನ್ನೂ ಮೊದಲೇ ಓದಿರಬೇಕು, ಪಕ್ಷದ ಹೆಸರಲ್ಲಿ ನಡೆಯುವ ಚುನಾವಣೆಗೆ ಅವರು ನಿಲ್ಲುವ ಹಾಗೇ ಇಲ್ಲ.

ಅನಾಹುತ ಆದಾಗ, ಮತದಾನದ ದಿನ

ಪ್ರವಾಹ, ಸುಂಟರಗಾಳಿ, ಹಿಮಪಾತ ಬಂದರೆ ಅವತ್ತೇ ಓಟು ಕೇಳುವುದು ನಿಲ್ಲಿಸಿ. ನಿಮ್ಮ ಸ್ವಯಂಸೇವಕರ ಫೋನ್ ಪಟ್ಟಿಯನ್ನು ಒಂಟಿಯಾಗಿರುವ ಹಿರಿಯರನ್ನು ವಿಚಾರಿಸಲು ಬಳಸಿ. ಕರೆಯದೆ ರಕ್ಷಣಾ ಕೆಲಸದ ಜಾಗಕ್ಕೆ ನುಗ್ಗಬೇಡಿ, ಕೌಂಟಿಯ ತುರ್ತು ವಿಭಾಗ ಏನು ಹೇಳುತ್ತದೋ ಅದನ್ನೇ ಹಂಚಿ. ಎದುರಾಳಿಯೂ ಅಲ್ಲಿದ್ದರೆ ಜೊತೆಗೇ ಮರಳಿನ ಚೀಲ ತುಂಬಿ.

ಮತದಾನದ ದಿನ ಮತಗಟ್ಟೆಯಿಂದ ಎಷ್ಟು ದೂರ ನಿಲ್ಲಬೇಕು ಅನ್ನುವುದು ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ 100 ಅಡಿ. ಜಾರ್ಜಿಯಾದಲ್ಲಿ 150 ಅಡಿ, 2021ರ ಕಾನೂನಿನಿಂದಾಗಿ ಆ ಗಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ನೀರು ಕೊಡುವುದಕ್ಕೂ ನೀವು ಹೋಗಬಾರದು. ಹಿರಿಯರನ್ನು ಕಾರಿನಲ್ಲಿ ಕರೆದುಕೊಂಡು ಹೋಗಬಹುದು, ಯಾರಿಗೆ ಓಟು ಹಾಕುತ್ತಾರೆ ಅಂತ ಕೇಳದೆ. ಓಟು ಹಾಕಿದವರಿಗೆ ಊಟ, ಉಡುಗೊರೆ ಅಂತೆಲ್ಲ ಇಡಬೇಡಿ.

ಅದಕ್ಕೂ ಮೊದಲು, ಸೆಪ್ಟೆಂಬರ್‌ನಲ್ಲೇ, ಪ್ಯಾಂಟ್ರಿಯ ಹಾಳೆಯಲ್ಲಿ ನವೆಂಬರ್ ಎರಡನೇ ವಾರದಿಂದ ಜನವರಿ ಕೊನೆಯವರೆಗಿನ ನಿಮ್ಮ ಶಿಫ್ಟುಗಳನ್ನು ಬರೆಸಿಬಿಡಿ. ಫಲಿತಾಂಶ ಏನೇ ಬರಲಿ, ಮರುದಿನ ಬೆಳಿಗ್ಗೆ ರಸ್ತೆ ಬದಿಯ ಬೋರ್ಡುಗಳನ್ನು ಕಿತ್ತುಬಿಡಿ, ಹಲವು ಊರುಗಳಲ್ಲಿ ಅದಕ್ಕೆ ಗಡುವಿದೆ, ದಂಡವೂ ಇದೆ. ನೋಟ್‌ಬುಕ್ಕಿನಲ್ಲಿ ಇನ್ನೂ ಉಳಿದಿರುವ ಚರಂಡಿ, ಮರ, ತೆರಿಗೆಯ ದೂರುಗಳ ಪಟ್ಟಿ ಮಾಡಿ. ಗೆದ್ದಿದ್ದರೆ ಅದೇ ನಿಮ್ಮ ಮೊದಲ ಕಡತ, ಸೋತಿದ್ದರೆ ಗೆದ್ದವರ ಆಫೀಸಿಗೆ ತೆಗೆದುಕೊಂಡು ಹೋಗಿ ಕೊಡಿ.