ಬೇಗ ಲೆಕ್ಕ ಮುಗಿಸುವ ಹುಡುಗಿಗೆ ನಾನು ಕೊಟ್ಟ ಕೆಲಸ

ನಮ್ಮ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಬೋರ್ಡಿನ ಮೇಲೆ ಲೆಕ್ಕ ಬರೆದು ನಾನು ಈ ಕಡೆ ತಿರುಗುವಷ್ಟರಲ್ಲಿ ಅವಳದು ಮುಗಿದಿರುತ್ತಿತ್ತು. ನಾನು ಇನ್ನೂ ಐದು ಲೆಕ್ಕ ಕೊಡುತ್ತಿದ್ದೆ. ಬೇಗ ಮುಗಿಸಿದ್ದಕ್ಕೆ ಅದೇ ಕೆಲಸ ಇನ್ನಷ್ಟು, ಅಷ್ಟೇ ಅಲ್ವಾ? ಅದರಿಂದ ಅವಳು ಹೊಸದೇನೂ ಕಲಿಯುತ್ತಿಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು.

ಬೇರೆ ದಾರಿ ಹುಡುಕುವಾಗ ಸಿಕ್ಕಿದ್ದು ಕ್ಷುದ್ರಗ್ರಹ, ಅಂದರೆ ಸೂರ್ಯನ ಸುತ್ತ ಸುತ್ತುವ ಸಣ್ಣ ಬಂಡೆಗಳನ್ನು ಹುಡುಕುವ ಆನ್‌ಲೈನ್ ಕಾರ್ಯಕ್ರಮ. ಇಂಟರ್‌ನ್ಯಾಷನಲ್ ಆಸ್ಟ್ರನಾಮಿಕಲ್ ಸರ್ಚ್ ಕೊಲ್ಯಾಬರೇಷನ್ ಅಂತ ಹೆಸರು, ಟೆಕ್ಸಾಸ್‌ನ ಹಾರ್ಡಿನ್-ಸಿಮನ್ಸ್ ವಿಶ್ವವಿದ್ಯಾಲಯದ್ದು. ಶುಲ್ಕ ಇಲ್ಲ. ಹವಾಯಿಯಲ್ಲಿರುವ ಪ್ಯಾನ್-ಸ್ಟಾರ್ಸ್ ದೂರದರ್ಶಕ ಆಕಾಶದ ಒಂದೇ ಜಾಗವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದ ನಾಲ್ಕು ಚಿತ್ರಗಳ ಕಟ್ಟುಗಳನ್ನು ತಂಡಕ್ಕೆ ಕೊಡುತ್ತಾರೆ. ಆಸ್ಟ್ರೋಮೆಟ್ರಿಕಾ ಎಂಬ ತಂತ್ರಾಂಶದಲ್ಲಿ ಅವನ್ನು ಒಂದರ ಹಿಂದೊಂದು ಮಿನುಗಿಸಿ ನೋಡಬೇಕು. ನಕ್ಷತ್ರಗಳು ನಿಂತಲ್ಲೇ ಇರುತ್ತವೆ. ಕ್ಷುದ್ರಗ್ರಹವಾದರೆ ಆ ಚುಕ್ಕೆ ಮಾತ್ರ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ಸರಿಯುತ್ತದೆ.

ಶಾಲೆಯ ನೆಟ್ ನಂಬುವ ಹಾಗಿರಲಿಲ್ಲ. ರಾತ್ರಿ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತರುತ್ತಿದ್ದೆ. ಸೂಚನೆಗಳೆಲ್ಲ ಇಂಗ್ಲಿಷ್‌ನಲ್ಲಿದ್ದವು. ಯಾವ ಬಟನ್ ಯಾವುದಕ್ಕೆ ಅಂತ ಕನ್ನಡದಲ್ಲಿ ಡ್ರಾಯಿಂಗ್ ಶೀಟ್ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಇಡೀ ತಯಾರಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಹಾಳೆಯೇ.

ಮೊದಲ ದಿನ ಅವಳು ಅರ್ಧ ಗಂಟೆಯಲ್ಲಿ ಹನ್ನೊಂದು ಚುಕ್ಕೆ ಗುರುತಿಸಿದಳು. ಒಟ್ಟಿಗೆ ಕೂತು ಒಂದೊಂದನ್ನೇ ನೋಡಿದೆವು. ಒಂದರ ದಾರಿ ಸೊಟ್ಟ, ಇನ್ನೊಂದು ಮೂರನೇ ಚಿತ್ರದಲ್ಲಿ ಇದ್ದಕ್ಕಿದ್ದಂತೆ ಪ್ರಕಾಶಮಾನ, ಮತ್ತೊಂದು ದುಂಡಗೇ ಇಲ್ಲ. ಹನ್ನೊಂದೂ ಚಿತ್ರ ತೆಗೆಯುವಾಗ ಮೂಡಿದ ಸುಳ್ಳು ಚುಕ್ಕೆಗಳು, ಅಷ್ಟೇ. ಅವಳ ಮುಖ ಸಣ್ಣದಾಯಿತು. ಮಾರನೇ ದಿನ ಒಂದು ಮಸುಕು ಚುಕ್ಕೆ ತೋರಿಸಿ, "ಮೇಡಂ, ಇದು ಹೌದಾ ಅಲ್ವಾ ಹೇಳಿ" ಅಂದಳು. "ನನಗೂ ಗೊತ್ತಿಲ್ಲ ಕಣೇ, ಅಳೆದು ನೋಡೋಣ" ಅಂದೆ. ಪುಸ್ತಕದ ಹಿಂದೆ ಉತ್ತರ ಇಲ್ಲದ ಪ್ರಶ್ನೆ ಅವಳಿಗೆ ಅದೇ ಮೊದಲು. ಆಮೇಲೆ ಒಂದು ಚುಕ್ಕೆಗೆ ಇಪ್ಪತ್ತು ನಿಮಿಷ ಕೂರುವುದನ್ನು ಕಲಿತಳು. ವೇಗದ ಮಕ್ಕಳಿಗೆ ಬೇಕಾದದ್ದು ಇದೇ ಅಂತ ನನಗೆ ಖಾತ್ರಿಯಾಗಿದೆ.

ನನ್ನಿಂದ ಒಂದು ತಪ್ಪೂ ಆಯಿತು. ಮೊದಲ ಸಲ ಅಂಕ ನೋಡಿ ಐವರನ್ನು ಆರಿಸಿದ್ದೆ. ದಿನಾ ಲ್ಯಾಬ್ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಹುಡುಗನೊಬ್ಬನನ್ನು ಒಳಗೆ ಕರೆಯಲಿಲ್ಲ. ಈಗಲೂ ಅದು ನೋವು ಕೊಡುತ್ತದೆ. ಎರಡನೇ ಸಲ ಯಾರನ್ನೂ ಆರಿಸಲಿಲ್ಲ. ಅಭ್ಯಾಸದ ಚಿತ್ರಗಳನ್ನು ಒಂದು ವಾರ ಎಲ್ಲರಿಗೂ ಇಟ್ಟೆ, ಶಾಲೆ ಬಿಟ್ಟ ಮೇಲೂ ಕೂತವರೇ ತಂಡವಾದರು. ಅವನು ಮೊದಲ ದಿನವೇ ಬಂದ.

ನಮಗೆ ಹೊಸ ಕ್ಷುದ್ರಗ್ರಹ ಸಿಕ್ಕಲಿಲ್ಲ. ಸಿಕ್ಕಿದ್ದರೂ ಅದರ ಕಕ್ಷೆ ಖಚಿತವಾಗಿ ಅದಕ್ಕೆ ಅಧಿಕೃತ ಸಂಖ್ಯೆ ಸಿಗಲು ವರ್ಷಗಳೇ ಬೇಕು, ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಆ ಹುಡುಗಿ ಈಗ ಹತ್ತನೇ ತರಗತಿ. ಶನಿವಾರ ಸ್ಪೆಷಲ್ ಕ್ಲಾಸ್ ಮುಗಿಸಿ ಲ್ಯಾಬಿಗೆ ಬರುತ್ತಾಳೆ, ಎಂಟನೇ ತರಗತಿಯವರ ಪಕ್ಕ ಕೂತು "ಇನ್ನೊಂದ್ಸಲ ನೋಡು, ಅವಸರ ಬೇಡ" ಅನ್ನುತ್ತಾಳೆ.