ಒಂದೂವರೆ ರೆಕ್ಕೆ

“ರೀ, ಶಬ್ದ ಬದಲಾಯ್ತು ನೋಡಿ.”

ಹೆಂಡತಿ ಹೀಗೆ ಕೂಗಿದಾಗ ನಾನು ದೋಣಿಯ ಮೂತಿಯಲ್ಲಿ ಲಂಗರಿನ ಸರಪಳಿ ಬಿಡಿಸುತ್ತಾ ಕೂತಿದ್ದೆ. ಕೆರಿಬಿಯನ್ ಸಮುದ್ರದಲ್ಲಿ ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪದ ಟೈರೆಲ್ ಬೇ ಅನ್ನುವ ಕೊಲ್ಲಿ ಇನ್ನೊಂದು ಮೈಲಿ ಇತ್ತು. 2024ರ ಮಾರ್ಚ್ ತಿಂಗಳು. ನಮ್ಮ ಡೀಸೆಲ್ ಎಂಜಿನ್ ಓಡುವಾಗ ಹಿಂದಿನ ಕೊಳವೆಯಿಂದ ಹೊಗೆಯ ಜೊತೆ, ಎಂಜಿನ್ ತಣಿಸಿ ಬಂದ ಸಮುದ್ರದ ನೀರೂ ಪಚಕ್ ಪಚಕ್ ಅಂತ ಬೀಳುತ್ತಿರಬೇಕು. ಅವತ್ತು ಬರೀ ಒಣ ಡರ್ ಡರ್. ಹತ್ತೊಂಬತ್ತು ವರ್ಷ ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವನು ನಾನು. ಅವಳು ಬ್ಯಾಂಕಿನಲ್ಲಿದ್ದವಳು. ಆದರೆ ಕೇಳಿಸಿದ್ದು ಅವಳಿಗೆ.

ಎಂಜಿನ್ ಆಫ್ ಮಾಡಿದೆವು. ಟೈರೆಲ್ ಬೇ ಬಾಯಿ ಬಿಟ್ಟಿರುವುದು ಪಶ್ಚಿಮಕ್ಕೆ. ಗಾಳಿ ಇಲ್ಲಿ ಯಾವಾಗಲೂ ಪೂರ್ವದಿಂದ. ಅಂದರೆ ಒಳಗೆ ಹೋಗಬೇಕಾದರೆ ಗಾಳಿ ಎದುರಿಗೇ. ಹಾಯಿ ಬಿಚ್ಚಿ, ಆ ಕಡೆ ಈ ಕಡೆ ಹಾವಿನ ಹಾಗೆ ಓಡಾಡಿ, ಬೇರೆ ದೋಣಿಗಳಿಂದ ಸಾಕಷ್ಟು ದೂರದಲ್ಲೇ 9 ಮೀಟರ್ ಆಳದಲ್ಲಿ ಲಂಗರು ಬಿಟ್ಟೆವು. ಒಳಗೆ ಹೋಗುವ ಧೈರ್ಯ ಇರಲಿಲ್ಲ ಅನ್ನಿ.

ನಮ್ಮದು 38 ಅಡಿ ಉದ್ದದ ಫೈಬರ್ ಹಾಯಿದೋಣಿ. ಹಳೆಯದು, 1987ರದ್ದು. ಗ್ರೆನಡಾದಲ್ಲೇ ಕೊಂಡೆವು. ನಾನು ಮೂಲ್ಕಿಯವನು. ನಕ್ಷೆಯಲ್ಲಿ ಮೂಲ್ಕಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ, ಆಫ್ರಿಕಾ, ಅಟ್ಲಾಂಟಿಕ್ ಎಲ್ಲ ದಾಟಿ ಇಲ್ಲಿಗೆ ಹತ್ತಿರದ ಬೆಕ್ವೇ ದ್ವೀಪದ ಪಕ್ಕ ಹಾದುಹೋಗುತ್ತದೆ. ಎರಡೂ ಹೆಚ್ಚು ಕಡಿಮೆ 13 ಡಿಗ್ರಿ ಉತ್ತರ. ಅದಕ್ಕೇ ಇಲ್ಲಿನ ಬಿಸಿಲು, ತೆಂಗು, ಬೆವರು ಯಾವುದೂ ಹೊಸದು ಅನಿಸಲಿಲ್ಲ. ಹೊಸದು ಅನಿಸಿದ್ದು ನನ್ನ ಕೆಲಸವೇ. ಹಡಗಿನಲ್ಲಿ ಎಂಜಿನ್ ರೂಮ್ ಅಂದರೆ ಮೂರ್ನಾಲ್ಕು ಮಹಡಿ. ಸ್ಪೇರ್ ಬೇಕಾದರೆ ಸ್ಟೋರ್ ಇತ್ತು. ಕೈಕೆಳಗೆ ಫಿಟ್ಟರ್, ಆಯ್ಲರ್ ಇದ್ದರು. ಇಲ್ಲಿ ಎಂಜಿನ್ ಇರುವುದು ಮೆಟ್ಟಿಲ ಕೆಳಗೆ, ಅಡುಗೆ ಸಿಂಕಿನ ಪಕ್ಕದಲ್ಲಿ. ಫಿಟ್ಟರೂ ನಾನೇ, ಆಯ್ಲರೂ ನಾನೇ, ದಿನ ಬಿಟ್ಟು ದಿನ ಅಡುಗೆಯವನೂ ನಾನೇ.

ಎಂಜಿನ್ ತಣ್ಣಗಾದ ಮೇಲೆ ಸಮುದ್ರದ ನೀರೆಳೆಯುವ ಪಂಪಿನ ಮುಚ್ಚಳ ಬಿಚ್ಚಿದೆ. ಆರು ಸಣ್ಣ ಸ್ಕ್ರೂ. ಒಂದು ಕೈಜಾರಿ ಎಂಜಿನ್ ಕೆಳಗಿನ ಕೊಳಕು ನೀರಿಗೆ ಬಿತ್ತು. ಬಿದ್ದೇ ಬೀಳುತ್ತದೆ. ಈಗೆಲ್ಲ ಮೊದಲೇ ಕೆಳಗೊಂದು ಹಳೇ ಬನಿಯನ್ ಹಾಸಿಕೊಳ್ಳುತ್ತೇನೆ. ಒಳಗೆ ಇಂಪೆಲ್ಲರ್ ಅಂತ ರಬ್ಬರಿನ ಚಕ್ರ. ಅಂಗೈಯಲ್ಲಿ ಹಿಡಿದರೆ ಒಂದು ಉದ್ದಿನವಡೆಯಷ್ಟು. ಅದಕ್ಕೆ ಆರು ರೆಕ್ಕೆ ಇರಬೇಕು. ನಾಲ್ಕೇ ಇದ್ದವು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸರ್ಗಾಸಮ್ ಅನ್ನುವ ಕಂದು ಬಣ್ಣದ ಕಡಲಕಳೆ 2011ರಿಂದ ಈ ಕಡೆ ರಾಶಿ ರಾಶಿ ತೇಲಿ ಬರುತ್ತಿದೆ. ಅದರ ಒಂದು ಹಿಡಿ ದೋಣಿಯ ತಳದಲ್ಲಿ ನೀರೆಳೆಯುವ ತೂತಿಗೆ ಅಡರಿಕೊಂಡಿತ್ತು. ನೀರು ಸಿಗದೆ ಪಂಪು ಒಣಗಿ ತಿರುಗಿದೆ. ರಬ್ಬರ್ ತಾನೇ, ಒಂದೆರಡು ನಿಮಿಷ ಸಾಕು. ಆ ಕಳೆ ತೆಗೆಯಲು ನೀರಿಗಿಳಿಯಬೇಕಿಲ್ಲ. ಪೈಪ್ ಬಿಚ್ಚಿ, ರಬ್ಬರ್ ಡಿಂಗಿ ಅನ್ನುವ ಪುಟ್ಟ ದೋಣಿಗೆ ಗಾಳಿ ಹೊಡೆಯುವ ಕಾಲು ಪಂಪನ್ನು ಅದಕ್ಕೆ ಸಿಕ್ಕಿಸಿ ನಾಲ್ಕು ಸಲ ತುಳಿದರೆ ಬುಳಕ್ ಅಂತ ಹೊರಗೆ ಹೋಗುತ್ತದೆ.

ಹೊಸ ಇಂಪೆಲ್ಲರ್ ಹಾಕುವುದು ಹದಿನೈದು ನಿಮಿಷದ ಕೆಲಸ. ರೆಕ್ಕೆಗಳು ಒಳಗೆ ಬಾಗಿ ಕೂರಬೇಕಲ್ಲ, ಅದಕ್ಕೆ ಮೊದಲು ಕೇಬಲ್ ಟೈ ಸುತ್ತಿ ಬಿಗಿ ಮಾಡಿ, ಪಾತ್ರೆ ತೊಳೆಯುವ ಸೋಪು ಸವರಿ, ತಿರುಗಿಸುತ್ತಾ ತಳ್ಳಬೇಕು. ಗ್ರೀಸ್ ಹಚ್ಚಬಾರದು. ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ತಿನ್ನುತ್ತದೆ. ಇಷ್ಟೇ. ಆದರೆ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡವರು ಕೆಡುತ್ತಾರೆ. ಮುರಿದ ಎರಡು ರೆಕ್ಕೆ ಎಲ್ಲಿ ಹೋದವು? ನೀರಿನ ಜೊತೆ ಮುಂದಕ್ಕೆ ಹೋಗಿ, ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಸಣ್ಣ ಸಣ್ಣ ಕೊಳವೆಗಳ ಬಾಯಿಗೆ ಕೂತಿರುತ್ತವೆ. ಅವು ಅಲ್ಲಿದ್ದರೆ ಎಂಜಿನ್ ಮತ್ತೆ ಬಿಸಿಯಾಗುತ್ತದೆ. ನಾನು ಅದರ ಮುಚ್ಚಳ ಬಿಚ್ಚಿ, ತಲೆಗೆ ಟಾರ್ಚ್ ಕಟ್ಟಿಕೊಂಡು, ಹೆಂಡತಿಯ ಹುಬ್ಬು ತೆಗೆಯುವ ಚಿಮಟದಿಂದ ಹುಡುಕಿದೆ. ಒಂದು ರೆಕ್ಕೆ ಪೂರ್ತಿ ಸಿಕ್ಕಿತು. ಇನ್ನೊಂದರ ಅರ್ಧ ಸಿಕ್ಕಿತು. ಇನ್ನರ್ಧ ಸಿಗಲಿಲ್ಲ. ಕತ್ತಲಾಯಿತು. ಚಿಮಟ ಹೋಯಿತೆಂದು ಬೈಸಿಕೊಂಡಿದ್ದು ಬೇರೆ.

ಅವತ್ತಿನಿಂದ ಎಂಜಿನ್ ಶುರು ಮಾಡಿದ ತಕ್ಷಣ ಹಿಂದೆ ಬಗ್ಗಿ ನೀರು ಬೀಳುತ್ತಿದೆಯಾ ಅಂತ ನೋಡುವುದು ಅವಳ ಕೆಲಸ. “ಬಿತ್ತು” ಅನ್ನುತ್ತಾಳೆ. ಆಮೇಲೇ ಲಂಗರು ಎತ್ತುವುದು.

ದಿನ ಹೇಗೆ ಹೋಗುತ್ತದೆ ಅಂತ ಊರಿನವರು ಕೇಳುತ್ತಾರೆ. ಬೀಚಲ್ಲಿ ಎಳನೀರು ಕುಡೀತಾ ಕೂತಿರ್ತೀವಿ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಬೆಳಗ್ಗೆ ಕಾಫಿ ಲೋಟ ಹಿಡಿದು ಮೊದಲು ಹೋಗುವುದು ಬ್ಯಾಟರಿ ಮೀಟರ್ ಹತ್ತಿರ. ಲಿಥಿಯಂ ಬ್ಯಾಟರಿಯಲ್ಲಿ ವೋಲ್ಟೇಜ್ ನೋಡಿ ಏನೂ ಗೊತ್ತಾಗುವುದಿಲ್ಲ. ಮುಕ್ಕಾಲು ಖಾಲಿಯಾದರೂ ಅಷ್ಟೇ ತೋರಿಸುತ್ತಾ ಇರುತ್ತದೆ. ಎಷ್ಟು ಆಂಪಿಯರ್ ಒಳಗೆ ಬಂತು, ಎಷ್ಟು ಹೋಯಿತು ಅಂತ ಲೆಕ್ಕ ಇಡುವ ಮೀಟರೇ ಬೇಕು. 400 ವಾಟಿನ ಸೋಲಾರ್ ಇದೆ. ಫ್ರಿಜ್ಜೇ ಅದರಲ್ಲಿ ದೊಡ್ಡ ಪಾಲು ನುಂಗುತ್ತದೆ. ಎರಡು ದಿನ ಮೋಡ ಮುಚ್ಚಿದರೆ ಮೊಸರು ಹುಳಿಯಾಗುವ ಚಿಂತೆ.

ಆಮೇಲೆ ನೀರು. ಇಬ್ಬರಿಗೆ ದಿನಕ್ಕೆ 25 ಲೀಟರ್, ಸ್ನಾನ ಸೇರಿ. ಪಾತ್ರೆಗೆ ಸಮುದ್ರದ ನೀರು, ಕೊನೆಗೆ ಒಂದು ಸಲ ಸಿಹಿನೀರು. ಉಪ್ಪುನೀರನ್ನು ಸುಮಾರು 55 ಬಾರ್ ಒತ್ತಡದಲ್ಲಿ ಪೊರೆಯೊಂದರ ಮೂಲಕ ತಳ್ಳಿ ಸಿಹಿ ಮಾಡುವ ಯಂತ್ರ ನಮ್ಮಲ್ಲಿದೆ. ಗಂಟೆಗೆ 30 ಲೀಟರ್. ಅದೊಂದು ಮುದ್ದಿನ ಮಗು. ಬಂದರಿನ ನೀರಿನಲ್ಲಿ ಎಣ್ಣೆ ಇದ್ದರೆ ಆ ಪೊರೆ ಕೆಡುತ್ತದೆ. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೂ ಕೆಡುತ್ತದೆ, ಅದಕ್ಕೆ ಇದ್ದಿಲಿನ ಫಿಲ್ಟರ್ ಮಧ್ಯೆ ಇರಬೇಕು. ಸುಮ್ಮನೆ ವಾರಗಟ್ಟಲೆ ಬಿಟ್ಟರೂ ಒಳಗೆ ಬ್ಯಾಕ್ಟೀರಿಯಾ ಬೆಳೆದು ಕೆಡುತ್ತದೆ. ನಾವು ಎರಡು ದಿನಕ್ಕೊಮ್ಮೆ ಓಡಿಸುತ್ತೇವೆ. ನೀರು ಬೇಕೋ ಬೇಡವೋ.

ಮೂರು ವಾರಕ್ಕೊಮ್ಮೆ ದೋಣಿಯ ತಳ ಕೆರೆಯಬೇಕು. ಬೆಚ್ಚಗಿನ ನೀರಲ್ಲಿ ಹಸಿರು ಗಡ್ಡ ಬೆಳೆಯುತ್ತದೆ, ಅದರ ಮೇಲೆ ಬಾರ್ನಕಲ್ ಅನ್ನುವ ಗಟ್ಟಿ ಚಿಪ್ಪಿನ ಜೀವಿ ಕೂರುತ್ತದೆ. ಪ್ರೊಪೆಲ್ಲರಿಗೆ ನಾಲ್ಕು ಬಾರ್ನಕಲ್ ಕೂತರೂ ದೋಣಿ ಎಮ್ಮೆಯ ಹಾಗೆ ಹೋಗುತ್ತದೆ. ಕನ್ನಡಕ, ಉಸಿರಿನ ಕೊಳವೆ ಹಾಕಿಕೊಂಡು ನಾನು ಒಂದು ಬದಿ, ಅವಳು ಇನ್ನೊಂದು ಬದಿ. ಪಾಚಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಸೀಗಡಿಯಂಥ ಹುಳುಗಳಿರುತ್ತವೆ. ಕೆರೆದಾಗ ಅವು ಮನೆ ಬಿಟ್ಟು ನಮ್ಮ ಕಿವಿಗೆ ಬರುತ್ತವೆ. ರಾತ್ರಿ ಊಟಕ್ಕೆ ಕೂತಾಗ ಕಿವಿಯೊಳಗೆ ಪರಪರ. ಈಗ ಈಜುಟೋಪಿ ಹಾಕದೆ ಇಳಿಯುವುದಿಲ್ಲ. ಅದೇ ಹೊತ್ತಿಗೆ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿಗೆ ಕಟ್ಟಿದ ಜಿಂಕ್ (ಸತು) ತುಂಡು ನೋಡುತ್ತೇವೆ. ಉಪ್ಪುನೀರಲ್ಲಿ ಬೇರೆ ಬೇರೆ ಲೋಹ ಒಟ್ಟಿಗಿದ್ದರೆ ಯಾವುದಾದರೂ ಒಂದು ಕರಗಲೇಬೇಕು. ಪ್ರೊಪೆಲ್ಲರ್ ಕರಗುವ ಬದಲು ಜಿಂಕ್ ಕರಗಲಿ ಅಂತ ಕಟ್ಟುವುದು. ಅರ್ಧ ಕರಗಿದ್ದರೆ ಹೊಸದು.

ಟಾಯ್ಲೆಟ್ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ದೋಣಿಯ ಟಾಯ್ಲೆಟ್ಟಿಗೆ ಸಮುದ್ರದ ನೀರನ್ನೇ ಪಂಪ್ ಮಾಡುವುದು. ಉಪ್ಪುನೀರು, ಮೂತ್ರ ಸೇರಿದರೆ ಪೈಪಿನ ಒಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ವರ್ಷಗಟ್ಟಲೆ ಬಿಟ್ಟರೆ ಒಂದೂವರೆ ಇಂಚಿನ ಪೈಪಿನಲ್ಲಿ ಬೆರಳು ತೂರುವಷ್ಟೂ ಜಾಗ ಉಳಿಯುವುದಿಲ್ಲ. ವಾರಕ್ಕೊಮ್ಮೆ ವಿನೆಗರ್ ಸುರಿದರೆ ನಿಧಾನವಾಗುತ್ತದೆ ಅಷ್ಟೆ. ಕೊನೆಗೊಂದು ದಿನ ಪೈಪ್ ಬಿಚ್ಚಿ, ಎರಡೂ ಬಾಯಿ ಕಟ್ಟಿ, ಡಿಂಗಿಯಲ್ಲಿ ದಡಕ್ಕೆ ಒಯ್ದು, ಕಾಂಕ್ರೀಟಿನ ಮೇಲೆ ಬಟ್ಟೆ ಒಗೆದ ಹಾಗೆ ಬಡಿಯಬೇಕು. ಒಳಗಿನದು ಮೊಟ್ಟೆಚಿಪ್ಪಿನ ಹಾಗೆ ಪುಡಿಪುಡಿಯಾಗಿ ಬೀಳುತ್ತದೆ. ಗಾಳಿ ಯಾವ ಕಡೆಗಿದೆ ಅಂತ ಮೊದಲು ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೆ ಹೊಟ್ಟೆ ಕೇಳುತ್ತದಲ್ವಾ. ಗ್ರೆನಡಾದಲ್ಲಿ ಶನಿವಾರ ಸೇಂಟ್ ಜಾರ್ಜ್‌ಸ್ ಸಂತೆಗೆ ವ್ಯಾನ್ ಬಸ್ಸಿನಲ್ಲಿ ಹೋಗುತ್ತೇವೆ. ಇಳಿಯಬೇಕಾದ ಕಡೆ ಬಸ್ಸಿನ ಗೋಡೆಗೆ ಕುಟ್ಟಿದರೆ ಸಾಕು, ನಿಲ್ಲಿಸುತ್ತಾರೆ. ಜಾಯಿಕಾಯಿ, ಜಾಪತ್ರೆ ಅಲ್ಲಿ ನಮ್ಮ ಕಡೆಯ ಅಡಿಕೆಯಷ್ಟು ಮಾಮೂಲು, ದೇಶದ ಬಾವುಟದಲ್ಲೇ ಜಾಯಿಕಾಯಿ ಇದೆ. ಮೊದಲ ಸಲ ಹೋದಾಗ ನನಗೆ ಕಂಡದ್ದು ಜೀಗುಜ್ಜೆ. ರಾಶಿ ಹಾಕಿದ್ದರು. ಕ್ಯಾಪ್ಟನ್ ಬ್ಲೈ ಅನ್ನುವವನು 1793ರಲ್ಲಿ ಪೆಸಿಫಿಕ್ಕಿನಿಂದ ಅದರ ಸಸಿಗಳನ್ನು ಸೇಂಟ್ ವಿನ್ಸೆಂಟಿಗೆ ತಂದಿದ್ದಂತೆ, ತೋಟದ ಗುಲಾಮರಿಗೆ ಅಗ್ಗದ ಊಟಕ್ಕೆ ಅಂತ. ಇಲ್ಲಿ ಅದನ್ನು ಬೆಂಕಿಯಲ್ಲಿ ಸುಟ್ಟೋ, ತೆಂಗಿನ ಹಾಲಿನಲ್ಲಿ ಬೇಯಿಸಿಯೋ ತಿನ್ನುತ್ತಾರೆ. ನಾವು ಪೋಡಿ ಮಾಡಿದೆವು. ಪಕ್ಕದ ದೋಣಿಯವರು ಡಿಂಗಿ ತಗೊಂಡು ವಾಸನೆ ಹಿಡಿದು ಬಂದರು.

ಎರಡನೆಯದು ಕೆಸುವಿನೆಲೆ. ಇಲ್ಲಿ ಅದಕ್ಕೆ ಕ್ಯಾಲಲೂ ಅನ್ನುತ್ತಾರೆ, ಸೂಪ್ ಮಾಡುತ್ತಾರೆ. ಹೆಂಡತಿ ಎಂಟು ಎಲೆ ಕೊಂಡು, ಹುಣಸೆಹಣ್ಣು ಜಾಸ್ತಿ ಹಾಕಿ ಪತ್ರೊಡೆ ಮಾಡಿಯೇಬಿಟ್ಟಳು. ಅಕ್ಕಿ ರುಬ್ಬಲು ಮಿಕ್ಸಿ ಓಡಿಸಿದ್ದಕ್ಕೆ ಬ್ಯಾಟರಿ ಎಷ್ಟು ಇಳಿಯಿತು ಅಂತ ನಾನು ಮೀಟರ್ ನೋಡಿದೆ. ಅವಳೂ ನನ್ನನ್ನು ನೋಡಿದಳು. ಆಮೇಲೆ ಮೀಟರ್ ಸುದ್ದಿ ಎತ್ತಲಿಲ್ಲ.

ಜೂನ್ 1ರಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ. ಆಗ ಹೆಚ್ಚಿನವರು ದಕ್ಷಿಣಕ್ಕೆ, ಗ್ರೆನಡಾ ಕಡೆಗೆ ಬಂದು ಕೂರುತ್ತಾರೆ. ಗ್ರೆನಡಾಕ್ಕೆ ಚಂಡಮಾರುತ ಬರುವುದೇ ಇಲ್ಲ ಅಂತಲ್ಲ. 2004ರ ಸೆಪ್ಟೆಂಬರಿನಲ್ಲಿ ಐವಾನ್ ಬಂದು ಜಾಯಿಕಾಯಿ ತೋಟಗಳನ್ನೇ ಮಲಗಿಸಿತ್ತು. 2024ರ ಜೂನ್ ಕೊನೆಗೆ ಬೆರಿಲ್ ಹುಟ್ಟಿತು. ನಾವು ಹವಾಮಾನದ ನಕ್ಷೆಯನ್ನು ಗಂಟೆಗೊಮ್ಮೆ ನೋಡಿದೆವು. 29ರ ಸಂಜೆ ಲಂಗರು ಎತ್ತಿ, ರಾತ್ರಿಯಿಡೀ ಹಾಯಿಸಿ ಸುಮಾರು 80 ನಾಟಿಕಲ್ ಮೈಲಿ ಕೆಳಗಿನ ಟ್ರಿನಿಡಾಡಿನ ಶಾಗರಾಮಸ್ ಸೇರಿದೆವು. ಮುಂದೆ ಹಿಂದೆ ದೋಣಿಗಳ ದೀಪಗಳ ಸಾಲು. ಜುಲೈ 1ರಂದು ಬೆರಿಲ್ ಕ್ಯಾರಿಯಾಕೂ ಮೇಲೆಯೇ ಬಂತು, ನಾಲ್ಕನೇ ದರ್ಜೆಯದಾಗಿ. ಕಾಂಡ್ಲಾ ಕಾಡಿನ ನಡುವೆ ಕಟ್ಟಿದರೆ ಏನೂ ಆಗಲ್ಲ ಅಂತ ಎಲ್ಲರೂ ನಂಬಿದ್ದ ಜಾಗದಲ್ಲಿ ದೋಣಿಗಳು ಒಂದರ ಮೇಲೊಂದು ಬಿದ್ದಿದ್ದವು. ಅದರಲ್ಲಿ ನಾವು ಗುರುತಿದ್ದವರ ದೋಣಿಗಳೂ ಇದ್ದವು. ಫೋಟೋಗಳನ್ನು ಎರಡನೇ ಸಲ ನೋಡಲಿಲ್ಲ.

ಟ್ರಿನಿಡಾಡಿನಲ್ಲಿ ಮೂರು ತಿಂಗಳು ಉಳಿದೆವು. 1845ರಿಂದ ಕೂಲಿಗೆಂದು ಬಂದ ಭಾರತದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿ ತುಂಬ ಜನ. ಜೀರಿಗೆಗೆ ‘ಗೀರಾ’, ಕಡಲೆಗೆ ‘ಚನ್ನಾ’ ಅನ್ನುತ್ತಾರೆ. ರಸ್ತೆ ಬದಿಯ ಒಂದು ಗಾಡಿಯಲ್ಲಿ ‘ಸಹೀನಾ’ ಅಂತ ಕೊಟ್ಟರು. ಕಚ್ಚಿ ನೋಡಿದರೆ ಕೆಸುವಿನೆಲೆಗೆ ಬೇಳೆಹಿಟ್ಟು ಸವರಿ, ಸುತ್ತಿ, ಕತ್ತರಿಸಿ ಕರಿದದ್ದು. “ಆಂಟಿ, ಇದು ನಮ್ಮೂರಲ್ಲೂ ಇದೆ” ಅಂತ ಹೆಂಡತಿ ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಆಕೆ ಇನ್ನೆರಡು ಹಾಕಿ ದುಡ್ಡು ಬೇಡ ಅಂದರು.

ದೋಣಿಯನ್ನು ನೀರಿನಿಂದ ಎತ್ತಿ ದಡದಲ್ಲಿ ನಿಲ್ಲಿಸಿದ್ದೂ ಆಗಲೇ. ಹಿಂದಿನ ವರ್ಷ ಬೇರೊಂದು ಯಾರ್ಡಿನವರು ತಳಕ್ಕೆ ಬಳಿದಿದ್ದ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಹಳೆಯದನ್ನು ಸರಿಯಾಗಿ ಉಜ್ಜದೆ ಮೇಲೆ ಬಳಿದಿದ್ದರು. ನಾನು ಅವತ್ತು ಪಕ್ಕದಲ್ಲಿ ನಿಂತು ನೋಡಬೇಕಿತ್ತು, ಊರೊಳಗೆ ಪೈಪ್ ಹುಡುಕಲು ಹೋಗಿದ್ದೆ. ಈ ಸಲ ನಾವಿಬ್ಬರೇ ಉಜ್ಜಿದೆವು. ಒಂಬತ್ತು ದಿನ. ಮುಖಕ್ಕೆ ಮಾಸ್ಕ್, ಮೈಯೆಲ್ಲ ನೀಲಿ ಧೂಳು. ದಡದಲ್ಲಿ ಗಾಳಿಯೂ ಇಲ್ಲ, ಸೊಳ್ಳೆ ಮಾತ್ರ ಇದೆ. ದಿನಾ ಏಣಿ ಹತ್ತಿ ಮನೆಗೆ ಹೋಗಬೇಕು, ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೆಳಗೆ ತರಬೇಕು.

ಅಲ್ಲೇ ಎಂಜಿನಿನ ಹಳೆಯ ನೀರಿನ ಪೈಪುಗಳನ್ನೂ ಬದಲಿಸಿದೆ. ಮಾರ್ಚ್‌ನಿಂದ ಎಂಜಿನ್ ಮಾಮೂಲಿಗಿಂತ ಎರಡು ಮೂರು ಡಿಗ್ರಿ ಜಾಸ್ತಿಯೇ ಬಿಸಿ ತೋರಿಸುತ್ತಿತ್ತು. ಅವಳಿಗೆ ಹೇಳಿರಲಿಲ್ಲ. ಪಂಪಿನಿಂದ ಹೊರಟ ಪೈಪು ಬಾಗುವ ಜಾಗದಲ್ಲಿ ಚಾಕು ಹಾಕಿ ಸೀಳಿದೆ. ಕರೀ ರಬ್ಬರಿನ ಚೂರು, ಉಗುರಿನಷ್ಟು, ಅಡ್ಡಡ್ಡ ಸಿಕ್ಕಿಕೊಂಡಿತ್ತು.

“ಇದೇನಾ ಆ ಅರ್ಧ?” ಅಂದಳು.

ಹೊಸ ಇಂಪೆಲ್ಲರ್ ಡಬ್ಬಿಯಲ್ಲಿ ಒಂದೂವರೆ ರೆಕ್ಕೆ ಎತ್ತಿಟ್ಟಿದ್ದೆ. ತೆಗೆದು ಈ ಚೂರನ್ನು ಪಕ್ಕದಲ್ಲಿಟ್ಟೆ. ಅಂಚಿಗೆ ಅಂಚು ಕೂತಿತು. ಮೂರನ್ನೂ ಕಸದ ಚೀಲಕ್ಕೆ ಹಾಕಿ, ಹೊಸ ಪೈಪಿಗೆ ಎರಡೆರಡು ಕ್ಲಾಂಪ್ ಬಿಗಿದು, ಎಂಜಿನಿನ ಬಾಗಿಲು ಮುಚ್ಚಿದೆ. ಅವಳಿಗೆ ಟ್ರಿನಿಡಾಡಿನ ಪೇಟೆಯಲ್ಲಿ ಹೊಸ ಚಿಮಟ ಕೊಡಿಸಿದೆ.