ಎಂಜಿಬಿಯ ಕೆಂಪು ದೀಪ: ಪೂರ್ತಿ ಉರಿಯಲೂ ಇಲ್ಲ, ಆರಲೂ ಇಲ್ಲ

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಚಾರ್ಜಿಂಗ್ ದೀಪ ಢಾಳಾಗಿ ಉರಿದರೆ ಒಂಥರಾ ನೆಮ್ಮದಿ. ಫ್ಯಾನ್ ಬೆಲ್ಟ್ ಹರಿದಿದೆ, ಇಲ್ಲವೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೈ ಕೊಟ್ಟಿದೆ ಅಂತ ಅಂದಾಜು ಮಾಡಬಹುದು. ತಲೆ ತಿನ್ನುವುದು ಅರೆಬರೆ ಉರಿಯುವ ದೀಪ. ನನ್ನ 1972ರ ಎಂಜಿಬಿ ರೋಡ್‌ಸ್ಟರ್ ಹಿಡಿದುಕೊಂಡಿದ್ದು ಈ ಹಟವನ್ನೇ. ಹಗಲು ಓಡಿಸಿದರೆ ಏನೂ ಇಲ್ಲ. ರಾತ್ರಿ ಹೆಡ್‌ಲೈಟ್ ಹಾಕಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಂದವಾಗಿ ಮಿನುಗುತ್ತಿತ್ತು. ಹೀಟರ್ ಫ್ಯಾನ್ ಹಾಕಿದರೆ ಇನ್ನೊಂಚೂರು ಜಾಸ್ತಿ. ವೈಪರ್ ಸೇರಿದರೆ ಮತ್ತಷ್ಟು. ಬ್ಯಾಟರಿ ಮಾತ್ರ ಒಂದು ದಿನವೂ ಇಳಿಯಲಿಲ್ಲ, ಬೆಳಗ್ಗೆ ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್.

ಹಗಲಲ್ಲಿ ನಿಜವಾಗಿಯೂ ಉರಿಯುವುದಿಲ್ಲವೋ, ಬೆಳಕಿನಲ್ಲಿ ಕಾಣುವುದಿಲ್ಲವೋ? ಮೊದಲು ಬಗೆಹರಿಸಬೇಕಾದದ್ದು ಇದು. ಗ್ಯಾರೇಜಿನ ಬಾಗಿಲು ಅರ್ಧ ಎಳೆದು, ಎಂಜಿನ್ ಓಡಿಸುತ್ತಾ, ದೀಪದ ಸುತ್ತ ಕೈ ಅಡ್ಡ ಹಿಡಿದು ನೋಡಿದೆ. ಹೆಡ್‌ಲೈಟ್ ಇಲ್ಲದಿದ್ದರೆ ಪೂರ್ತಿ ಕಪ್ಪು. ಹಾಕಿದೊಡನೆ ಮಿನುಗು. ಅಂದರೆ ಇದು ಕತ್ತಲು ಬೆಳಕಿನ ಮಾತಲ್ಲ, ಲೋಡಿನ ಮಾತು, ಎಷ್ಟು ಕರೆಂಟು ಎಳೆಯುತ್ತಿದ್ದೇವೆ ಅನ್ನುವುದರ ಮಾತು. (ಎಂಜಿನ್ ಓಡಿಸುವಾಗ ಬಾಗಿಲು ಪೂರ್ತಿ ಮುಚ್ಚಬೇಡಿ. ಹಳೇ ಕಾರಿನ ಹೊಗೆ ಜೀವ ತೆಗೆಯುತ್ತದೆ.)

ನಾನು ಇರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಇಲ್ಲಿ ಎಂಜಿಬಿ ಅಪರೂಪದ ಕಾರೇನಲ್ಲ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ ತೆರೆದ ಛಾವಣಿಯ ರೋಡ್‌ಸ್ಟರ್, ಮುಚ್ಚಿದ ಛಾವಣಿಯ ಜಿಟಿ ಎರಡೂ ಸೇರಿ ಐದು ಲಕ್ಷಕ್ಕೂ ಮೇಲೆ ತಯಾರಾದವು. 1798 ಸಿಸಿಯ ಸೀದಾಸಾದಾ ಎಂಜಿನ್. ಬಿಡಿಭಾಗ ಬೇಕೆಂದರೆ ಬಹುತೇಕ ಎಲ್ಲವೂ ಸಿಗುತ್ತದೆ. ತೊಂದರೆ ಇರುವುದೂ ಅಲ್ಲೇ. ಸುಲಭವಾಗಿ ಸಿಗುತ್ತದೆ ಅಂತ ಜನ ಪರೀಕ್ಷೆ ಮಾಡದೆ ಭಾಗ ಬದಲಿಸಿಬಿಡುತ್ತಾರೆ. ಒಂದು ವರ್ಕ್‌ಶಾಪಿನಲ್ಲಿ ಕೇಳಿದಾಗ ಬಾನೆಟ್ ಕೂಡ ಎತ್ತದೆ "ಆಲ್ಟರ್ನೇಟರ್ ಹಾಕಿಸಿಬಿಡಿ" ಅಂದರು. ಗೆಳೆಯರ ಬಾಯಲ್ಲಿ ಈ ಕಾರುಗಳ ಎಲೆಕ್ಟ್ರಿಕಲ್ ಭಾಗ ತಯಾರಿಸಿದ ಲೂಕಾಸ್ ಕಂಪನಿ ಬಗ್ಗೆ ಅದೇ ಹಳೇ ಜೋಕು, "ಕತ್ತಲೆಯ ರಾಜಕುಮಾರ" ಅಂತ. ಆ ಜೋಕು ನನಗೆ ಹಿಡಿಸುವುದಿಲ್ಲ. ಅರ್ಧ ಶತಮಾನ ಮಳೆ, ಚಳಿ, ರಸ್ತೆಗೆ ಸುರಿದ ಉಪ್ಪು ಎಲ್ಲ ತಿಂದ ವೈರು ಇವತ್ತು ತಕರಾರು ಮಾಡಿದರೆ ತಯಾರಿಸಿದವರನ್ನು ಬೈಯುವುದು ಯಾವ ನ್ಯಾಯ, ಅಲ್ವಾ?

ಈ ದೀಪ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ದೀಪದ ಒಂದು ತುದಿಗೆ ಇಗ್ನಿಷನ್ ಸ್ವಿಚ್ಚಿನಿಂದ ಬಿಳಿ ವೈರಿನಲ್ಲಿ ಕರೆಂಟು ಬರುತ್ತದೆ. ಇನ್ನೊಂದು ತುದಿಯಿಂದ ಕಂದು-ಹಳದಿ ವೈರು ಆಲ್ಟರ್ನೇಟರಿಗೆ ಹೋಗುತ್ತದೆ. ಕೀ ಹಾಕಿ ಎಂಜಿನ್ ಓಡಿಸದೆ ಬಿಟ್ಟರೆ ಕರೆಂಟು ದೀಪ ದಾಟಿ, ಆಲ್ಟರ್ನೇಟರ್ ಒಳಗಿನ ಸುರುಳಿ ದಾಟಿ ಅರ್ತ್ ಸೇರುತ್ತದೆ. ಹಾಗಾಗಿ ದೀಪ ಜೋರಾಗಿ ಉರಿಯುತ್ತದೆ. ಆ ಪುಟ್ಟ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಎಂಜಿನ್ ಓಡಿದ ಮೇಲೆ ಕಂದು-ಹಳದಿ ಕಡೆಯೂ 14 ವೋಲ್ಟ್, ಬಿಳಿ ಕಡೆಯೂ 14 ವೋಲ್ಟ್. ಎರಡೂ ಕಡೆ ಒಂದೇ ಆದ್ದರಿಂದ ದೀಪ ಆರುತ್ತದೆ. ಅಂದರೆ ಇದೊಂದು ತಕ್ಕಡಿ. ಮಂದವಾಗಿ ಉರಿದರೆ ಎರಡು ತಟ್ಟೆಗಳ ನಡುವೆ ಒಂದೆರಡು ವೋಲ್ಟಿನ ವ್ಯತ್ಯಾಸವಿದೆ ಅಂತ ಅರ್ಥ. ಯಾವ ತಟ್ಟೆ ಇಳಿದಿದೆ ಅಂತ ಮಾತ್ರ ಅದು ಹೇಳುವುದಿಲ್ಲ.

ಆಲ್ಟರ್ನೇಟರ್ ಒಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಸುಟ್ಟಿದ್ದರೂ ಹೀಗಾಗಬಹುದು. ಅದನ್ನು ಮೊದಲು ನೋಡಿದೆ. ಎಂಜಿನ್ ವೇಗ ಸ್ವಲ್ಪ ಏರಿಸಿ, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗೆ ಹಿಡಿದೆ. ಅರ್ಧ ವೋಲ್ಟಿಗಿಂತ ಬಹಳ ಕಡಿಮೆ. ಡಯೋಡ್ ಹೋಗಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ತೋರಿಸುತ್ತದೆ. ಡಿಸಿಯಲ್ಲಿ ಬ್ಯಾಟರಿ ಹತ್ತಿರ 14 ವೋಲ್ಟ್. ಆಲ್ಟರ್ನೇಟರ್ ಮೇಲಿನ ಅನುಮಾನ ಅಲ್ಲಿಗೆ ಬಹುಪಾಲು ಹೋಯಿತು.

ಇನ್ನು ಉಳಿದದ್ದು ಬಿಳಿ ವೈರಿನ ಕಡೆ. ಈ ಕಾರುಗಳ ವೈರಿಂಗಿನಲ್ಲಿ ಬಣ್ಣಕ್ಕೆ ಬೆಲೆ ಇದೆ. ಕಂದು ಅಂದರೆ ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಇಲ್ಲದೆ ಬರುವ ಕರೆಂಟು. ಬಿಳಿ ಅಂದರೆ ಕೀ ತಿರುಗಿಸಿದ ಮೇಲೆ ಬರುವುದು. ಹಸಿರು ಅಂದರೆ ಅದೇ ಬಿಳಿ, ಫ್ಯೂಸ್ ದಾಟಿದ ಮೇಲೆ. ಹೆಡ್‌ಲೈಟಿಗೆ ಕರೆಂಟು ಡ್ಯಾಶ್ ಹಿಂದಿನ ಕಂದು ವೈರಿನಿಂದಲೇ ಸಿಗುತ್ತದೆ, ಇಗ್ನಿಷನ್ ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ಹೀಟರ್ ಫ್ಯಾನ್, ವೈಪರ್ ಎರಡೂ ಹಸಿರು ಕಡೆಯವು, ಅವುಗಳ ಕರೆಂಟು ಇಗ್ನಿಷನ್ ಸ್ವಿಚ್ ದಾಟಿಯೇ ಬರಬೇಕು. ಹಾಗಾದರೆ ಮೀಟರ್ ಮುಟ್ಟುವ ಮೊದಲೇ ಒಂದು ಸುಳಿವು ಸಿಕ್ಕಿತಲ್ಲ. ಫ್ಯಾನ್ ಹಾಕಿದಾಗ ಮಾತ್ರ ಮಿನುಗಿದ್ದರೆ ಸ್ವಿಚ್ಚನ್ನು ಮೊದಲು ಹಿಡಿಯುತ್ತಿದ್ದೆ. ಇಲ್ಲಿ ಹೆಡ್‌ಲೈಟ್ ಒಂದನ್ನೇ ಹಾಕಿದರೂ ಮಿನುಗುತ್ತಿತ್ತು. ಹಾಗಾಗಿ ದೊಡ್ಡ ಪಾಲು ಕಂದು ವೈರಿನದೇ ಇರಬೇಕು.

ತುಂಬಾ ಜನ ಇಂಥ ಕಡೆ ಮಲ್ಟಿಮೀಟರನ್ನು ಓಮ್‌ಗೆ, ಅಂದರೆ ವೈರಿನ ತಡೆ ಅಳೆಯಲು ಇಟ್ಟು ವೈರಿನ ಎರಡು ತುದಿ ಹಿಡಿದು, "ಸರಿ ಇದೆ" ಅನ್ನುತ್ತಾರೆ. ಅದರಿಂದ ಪ್ರಯೋಜನವಿಲ್ಲ. 0.15 ಓಮ್ ಅಂದರೆ ಸಾಮಾನ್ಯ ಮೀಟರಿಗೆ ಸೊನ್ನೆಯೇ. ಅದರ ಸ್ವಂತ ವೈರಿಗೇ ಹತ್ತಿರ ಹತ್ತಿರ ಅಷ್ಟಿರುತ್ತದೆ. ಆದರೆ ಡಿಪ್ ಬೀಮಿನಲ್ಲಿ 55 ವ್ಯಾಟಿನ ಎರಡು ಹೆಡ್‌ಲೈಟ್ ಸುಮಾರು 8 ಆಂಪ್ ಎಳೆಯುತ್ತವೆ. ಸೈಡ್ ಲೈಟು ಸೇರಿ 9, 10 ಅನ್ನಿ. ಅಷ್ಟು ಕರೆಂಟು ಹರಿಯುವಾಗ 0.15 ಓಮ್ ಒಂದೂಕಾಲು ವೋಲ್ಟಿಗಿಂತ ಜಾಸ್ತಿ ನುಂಗಿಬಿಡುತ್ತದೆ. ಆದ್ದರಿಂದ ಲೋಡ್ ಹಾಕಿಯೇ ಅಳೆಯಬೇಕು. ನಮ್ಮೂರು ಶಿವಮೊಗ್ಗದ ಕಡೆ ಆಟೋ ಎಲೆಕ್ಟ್ರಿಷಿಯನ್‌ಗಳು ಇವತ್ತಿಗೂ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ಹಿಡಿದೇ ಕೆಲಸ ಮಾಡುತ್ತಾರೆ. ನೋಡಿ ನಗುವವರಿದ್ದಾರೆ. ಆದರೆ 21 ವ್ಯಾಟಿನ ಬಲ್ಬು ತಾನೇ ಲೋಡ್ ಆಗಿ ಕೂರುವುದರಿಂದ ಕೆಲವು ಸಲ ಅದು ಹೇಳುವ ಸತ್ಯವನ್ನು ದುಬಾರಿ ಮೀಟರ್ ಹೇಳುವುದಿಲ್ಲ.

ಮೀಟರಿನ ಕಪ್ಪು ತಂತಿಗೆ ಉದ್ದದ ವೈರು ಸೇರಿಸಿ ಎಂಜಿನ್ ಬ್ಲಾಕಿಗೆ ಕಚ್ಚಿಸಿದೆ. ಈ ಮಾದರಿಯಲ್ಲಿ ರೇಡಿಯೇಟರ್ ಫ್ಯಾನು ಬೆಲ್ಟಿನ ಜೊತೆಗೇ ತಿರುಗುತ್ತಿರುತ್ತದೆ. ವೈರು, ತೋಳು, ಕುತ್ತಿಗೆಯ ಮಫ್ಲರ್ ಎಲ್ಲ ಅದರಿಂದ ದೂರ. ಇನ್ನೊಂದು ಮಾತು: 1967ರವರೆಗಿನ ಎಂಜಿಬಿಗಳಲ್ಲಿ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ, ಆಲ್ಟರ್ನೇಟರ್ ಬದಲು ಡೈನಮೋ ಇರುತ್ತದೆ. ನಿಮ್ಮದು ಅಂಥದ್ದಾದರೆ ನಾನು ಹೇಳುತ್ತಿರುವ ಲೆಕ್ಕ ಹಾಗ್ಹಾಗೇ ಹೊಂದುವುದಿಲ್ಲ.

ಹೆಡ್‌ಲೈಟ್ ಉರಿಯುತ್ತಿರುವಾಗ ಅಳೆದದ್ದು ಹೀಗೆ. ಆಲ್ಟರ್ನೇಟರಿನ ದಪ್ಪ ಕಂದು ತುದಿಯಲ್ಲಿ 14.15. ಸ್ಟಾರ್ಟರ್ ಸೊಲೆನಾಯ್ಡಿನ (ಸ್ಟಾರ್ಟರ್ ಮೋಟಾರಿಗೆ ಕರೆಂಟು ಬಿಡುವ ದೊಡ್ಡ ಸ್ವಿಚ್ಚಿನ) ಬೋಲ್ಟಿನಲ್ಲಿ 14.0. ಇಲ್ಲಿಯವರೆಗೆ ಚೆನ್ನಾಗಿದೆ. ಅಲ್ಲಿಂದ ಕಾರಿನ ಒಳಗೆ ತಲೆಕೆಳಗಾಗಿ ತೂರಿಕೊಂಡು ಲೈಟ್ ಸ್ವಿಚ್ಚಿನ ಕಂದು ವೈರಿಗೆ ಹಿಡಿದರೆ 12.3! ಹೆಡ್‌ಲೈಟ್ ಆರಿಸಿದರೆ ಅದೇ ಜಾಗದಲ್ಲಿ 13.9. ಬ್ಯಾಟರಿಗೆ ಪೂರಾ ಊಟ, ಡ್ಯಾಶಿಗೆ ಮಾತ್ರ ಉಪವಾಸ. ಬ್ಯಾಟರಿ ಯಾಕೆ ಇಳಿಯುತ್ತಿರಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಮುಂದಿನದು ಸುಮ್ನೆ ಅರ್ಧ ಅರ್ಧ ಮಾಡುತ್ತಾ ಹೋಗುವುದು. ಸೊಲೆನಾಯ್ಡಿಗೂ ಸ್ವಿಚ್ಚಿಗೂ ನಡುವೆ ಬಲ್ಕ್‌ಹೆಡ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ಪಕ್ಕ ಒಂದು ಬುಲೆಟ್ ಕನೆಕ್ಟರ್ ಇದೆ. ವೈರಿನ ತುದಿಗೆ ಗುಂಡಿನಂಥ ಹಿತ್ತಾಳೆ ತುಣುಕು, ಎರಡು ಕಡೆಯಿಂದ ಅದನ್ನು ಒಳಗೆ ಲೋಹವಿರುವ ಒಂದು ರಬ್ಬರ್ ಕೊಳವೆಗೆ ತುರುಕಿರುತ್ತಾರೆ. ಆಚೆ ಬದಿ 13.8, ಈಚೆ ಬದಿ 12.5. ಬೆರಳಿನಲ್ಲಿ ಮುಟ್ಟಿದರೆ ಬಿಸಿ. ಇರಲೇಬೇಕಲ್ಲ, 1.3 ವೋಲ್ಟ್, 9 ಆಂಪ್ ಅಂದರೆ ಹತ್ತಿರ ಹತ್ತಿರ 12 ವ್ಯಾಟ್ ಆ ಒಂದು ಗುಂಡಿನಲ್ಲಿ ಉರಿಯುತ್ತಿತ್ತು.

ಕಂದು ವೈರಿಗೆ ಫ್ಯೂಸ್ ಇಲ್ಲ ಅಂತ ಹೇಳಿದೆನಲ್ಲ. ಸ್ಪ್ಯಾನರ್ ತಾಗಿದರೆ ವೈರು ಕರಗುವವರೆಗೂ ನಿಲ್ಲುವುದಿಲ್ಲ. ಆದ್ದರಿಂದ ಬಿಚ್ಚುವ ಮೊದಲು ಬ್ಯಾಟರಿ ತಪ್ಪಿಸಬೇಕು. ನನ್ನ ಕಾರಿನಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸೀಟಿನ ಹಿಂದೆ, ನೆಲದ ಮುಚ್ಚಳದ ಕೆಳಗೆ ಕೂತಿವೆ. ಕೈ ಹಾಕಲು ಹಿಂಸೆ. ಆದರೂ ಮಾಡಲೇಬೇಕು. ರಬ್ಬರ್ ಕೊಳವೆ ಎಳೆದರೆ ಒಳಗೆಲ್ಲ ಹಸಿರು ಕಿಲುಬು, ಹಿತ್ತಾಳೆ ಕಪ್ಪಾಗಿತ್ತು. ಮರಳು ಕಾಗದದಲ್ಲಿ ಉಜ್ಜಿ ಮತ್ತೆ ತುರುಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬಿಸಿ ತಿಂದ ಲೋಹದ ಹಿಡಿತ ಸಡಿಲವಾಗಿರುತ್ತದೆ. ತಾಮ್ರ ಹೊಳೆಯುವವರೆಗೆ ವೈರು ಹಿಂದಕ್ಕೆ ಕತ್ತರಿಸಿ, ಹೊಸ ಗುಂಡು ಬೆಸೆದು, ಹೊಸ ಕೊಳವೆ ಹಾಕಿ, ಚೂರು ವ್ಯಾಸಲೀನ್ ಸವರಿದೆ. ಭಾಗಗಳ ಖರ್ಚು ಒಂದು ಕಾಫಿಯಷ್ಟೂ ಆಗಲಿಲ್ಲ.

ಮತ್ತೆ ಎಂಜಿನ್ ಓಡಿಸಿ ಅಳೆದಾಗ ಸ್ವಿಚ್ಚಿನಲ್ಲಿ 13.6. ದೀಪ ಆರಿತು, ಹೆಡ್‌ಲೈಟಿನ ಹಳದಿ ಛಾಯೆಯೂ ಹೋಯಿತು. ಫ್ಯಾನ್, ವೈಪರ್ ಎಲ್ಲ ಹಾಕಿದರೆ ಇಗ್ನಿಷನ್ ಸ್ವಿಚ್ಚಿನ ಒಳಗೆ ಇನ್ನೂ 0.2 ವೋಲ್ಟ್ ಹೋಗುತ್ತದೆ. ಹಳೇ ಸ್ವಿಚ್ಚಿಗೆ ಅಷ್ಟು ಇರಲಿ ಅಂತ ಬಿಟ್ಟಿದ್ದೇನೆ.

ಈ ನಡುವೆ ಒಬ್ಬರು ಆ ದೀಪದ ಜಾಗಕ್ಕೆ ಎಲ್‌ಇಡಿ ಹಾಕಲು ಸಲಹೆ ಕೊಟ್ಟಿದ್ದರು, "ಮಿನುಗು ನಿಲ್ಲುತ್ತದೆ" ಅಂತ. ನಿಲ್ಲಬಹುದು, ಕಡಿಮೆ ವೋಲ್ಟಿಗೆ ಎಲ್‌ಇಡಿ ಉರಿಯುವುದೇ ಇಲ್ಲವಲ್ಲ. ಕನೆಕ್ಟರ್ ಮಾತ್ರ ಒಳಗೊಳಗೇ ಬಿಸಿಯಾಗುತ್ತಲೇ ಇರುತ್ತಿತ್ತು. ಮೇಲಾಗಿ ಆಲ್ಟರ್ನೇಟರನ್ನು ಎಬ್ಬಿಸುವಷ್ಟು ಕರೆಂಟು ಎಲ್‌ಇಡಿ ದಾಟಿ ಹೋಗದೆ, ಸ್ಟಾರ್ಟ್ ಮಾಡಿದಾಗ ಚಾರ್ಜಿಂಗೇ ಶುರುವಾಗದಿರಬಹುದು. ಅಲ್ಲಿ 2.2 ವ್ಯಾಟಿನ ತಂತಿ ಬಲ್ಬೇ ಇರಲಿ.

ಆಮೇಲೆ ಹೆಡ್‌ಲೈಟಿಗೆ ರಿಲೇ ಹಾಕಿದೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು. ಸೊಲೆನಾಯ್ಡಿನಿಂದ ಫ್ಯೂಸ್ ಸಮೇತ ಹೊಸ ದಪ್ಪ ವೈರು ಎಳೆದರೆ ಬಲ್ಬಿನ ಕರೆಂಟೆಲ್ಲ ಮುಂದೆಯೇ ಹರಿಯುತ್ತದೆ. ಡ್ಯಾಶಿನ ಸ್ವಿಚ್ಚು ರಿಲೇಯನ್ನು ಎಳೆದರೆ ಸಾಕು. ಹಳೇ ವೈರು ಒಂದನ್ನೂ ಕತ್ತರಿಸಬೇಕಾಗಲಿಲ್ಲ, ಬೇಡ ಅನ್ನಿಸಿದ ದಿನ ಮೊದಲಿನ ಹಾಗೇ ಜೋಡಿಸಬಹುದು. ಡಿಪ್, ಮೇನ್ ಎರಡಕ್ಕೂ ಬೇರೆ ಬೇರೆ ರಿಲೇ, ಬೇರೆ ಬೇರೆ ಫ್ಯೂಸ್ ಇಟ್ಟಿದ್ದೇನೆ, ಒಂದು ಹೋದರೂ ರಾತ್ರಿ ರಸ್ತೆಯಲ್ಲಿ ಇನ್ನೊಂದು ಉಳಿಯಲಿ ಅಂತ.